ಪೋಲಾದ ನೀರು ಹೋಗುವುದಾದರೂ ಎಲ್ಲಿಗೆ?

ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ಗಡಿಗೆ ಅಂಟಿಕೊಂಡಂತೆ, ಮರಳ ದಿಬ್ಬಗಳನ್ನು ಸೀಳಿಕೊಂಡು ಒಂದು ಕಾಲುವೆ ಹರಿಯುತ್ತದೆ. ಆಲ್ ಅಮೆರಿಕನ್ ಕಾಲುವೆ ಎಂದು ಅದರ ಹೆಸರು. ಕೊಲರಾಡೊ ನದಿಯ ನೀರನ್ನು ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಹೊಲಗಳಿಗೆ ಮುಟ್ಟಿಸುವುದು ಅದರ ಕೆಲಸ. 1940ರ ದಶಕದಲ್ಲಿ ನೀರು ಹರಿಯತೊಡಗಿದಾಗಿನಿಂದ ಅದು ಬರಿ ಮಣ್ಣಿನ ಕಾಲುವೆ; ತಳದಿಂದ ನೀರು ಹಗಲಿರುಳು ಜಿನುಗುತ್ತಿತ್ತು. ಎಂಜಿನಿಯರುಗಳ ಕಡತದಲ್ಲಿ ಜಿನುಗುವುದೆಲ್ಲ ಸೋರಿಕೆ, ಸೋರಿಕೆಯೆಲ್ಲ ನಷ್ಟ. ಆದ್ದರಿಂದ ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಸುಮಾರು 37 ಕಿಲೋಮೀಟರ್ ಉದ್ದಕ್ಕೆ ಪಕ್ಕದಲ್ಲೇ ಕಾಂಕ್ರೀಟಿನ ಹೊಸ ಕಾಲುವೆ ಕಟ್ಟಿದರು. ಇದರಿಂದ ವರ್ಷಕ್ಕೆ 67,700 ಎಕರೆ-ಅಡಿ, ಅಂದರೆ ಎಂಟು ಕೋಟಿ ಘನ ಮೀಟರಿಗೂ ಮಿಕ್ಕಿದ ನೀರು ಉಳಿಯುತ್ತದೆ ಎಂಬುದು ಲೆಕ್ಕ. ಉಳಿದದ್ದರಲ್ಲಿ ಬಹುಪಾಲು ಸ್ಯಾನ್ ಡಿಯಾಗೋ ಪ್ರದೇಶಕ್ಕೆ.

ಗಡಿಯ ಆಚೆ ಮೆಹಿಕಾಲಿ ಕಣಿವೆಯಿದೆ. ಅಲ್ಲಿನ ರೈತರು ದಶಕಗಳಿಂದ ಬಾವಿಗಳಲ್ಲಿ ನೀರೆತ್ತಿ ಬೆಳೆ ತೆಗೆಯುತ್ತಿದ್ದರು. ಅವರ ಬಾವಿಗಳಿಗೆ ನೀರು ಬರುತ್ತಿದ್ದುದು ಎಲ್ಲಿಂದ? ಈಚೆಯ ಕಾಲುವೆಯ ತಳದಿಂದ. ಕಾಂಕ್ರೀಟು ಹಾಕುವ ಸುದ್ದಿ ಕೇಳಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಕೊನೆಗೆ 2006ರಲ್ಲಿ ಅಮೆರಿಕದ ಕಾಂಗ್ರೆಸ್ಸು ಕಾನೂನನ್ನೇ ತಂದು ಕಾಮಗಾರಿಗೆ ದಾರಿ ಬಿಡಿಸಿತು. ಒಂದು ದಡದಲ್ಲಿ ನಿಂತವರಿಗೆ ಅದು ನೀರಿನ ಉಳಿತಾಯ. ಇನ್ನೊಂದು ದಡದವರಿಗೆ, ಅವರ ಬಾವಿಯ ನೀರನ್ನು ಪೈಪಿನಲ್ಲಿ ಬೇರೆ ಊರಿಗೆ ಕಳುಹಿಸಿದ ಹಾಗೆ.

ನೀರಾವರಿ ಪ್ರದೇಶಗಳಲ್ಲಿ ನೀರನ್ನು ಉಳಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಜಗತ್ತಿನಲ್ಲಿ ನದಿ, ಕೆರೆ, ಅಂತರ್ಜಲದಿಂದ ಮನುಷ್ಯರು ಎತ್ತಿಕೊಳ್ಳುವ ಸಿಹಿನೀರಿನ ಸುಮಾರು 70 ಶೇಕಡಾ ಕೃಷಿಗೇ ಹೋಗುತ್ತದೆ. ಒಟ್ಟು ಸಾಗುವಳಿ ಭೂಮಿಯ ಐದನೆಯ ಒಂದು ಪಾಲಷ್ಟೇ ಇರುವ ನೀರಾವರಿ ಭೂಮಿ ಜಗತ್ತಿನ ಆಹಾರದ ಸುಮಾರು 40 ಶೇಕಡಾವನ್ನು ಕೊಡುತ್ತದೆ. ತೊಡಕಿರುವುದು ‘ಉಳಿಸುವುದು’ ಎಂಬ ಪದದಲ್ಲಿ. ಅದನ್ನು ಬಿಡಿಸಿಕೊಳ್ಳದೆ ಹಾಕಿದ ಹನಿ ನೀರಾವರಿಯ ಕೊಳವೆ, ಕಟ್ಟಿದ ಕಾಂಕ್ರೀಟು ಕಾಲುವೆ, ಕೊಟ್ಟ ಸಹಾಯಧನ ಎಷ್ಟೋ ಕಡೆ ನದಿಯನ್ನು ಇನ್ನಷ್ಟು ಬತ್ತಿಸಿವೆ.

ಕೈಗಡವೂ ಖರ್ಚೂ

ಒಂದು ಮಡಿಗೆ ನೀರು ಬಿಟ್ಟಿರಿ ಎನ್ನಿ. ಆ ನೀರಿಗೆ ನಾಲ್ಕೇ ದಾರಿ. ಒಂದಿಷ್ಟನ್ನು ಬೇರು ಹೀರಿ ಎಲೆಯ ಮೂಲಕ ಆವಿಯಾಗಿ ಬಿಡುತ್ತದೆ. ಒಂದಿಷ್ಟು ಒದ್ದೆ ಮಣ್ಣಿನ ಮೇಲ್ಮೈಯಿಂದ ನೇರವಾಗಿ ಆವಿಯಾಗುತ್ತದೆ. ಮೂರನೆಯ ಪಾಲು ಬೇರಿನ ಆಳವನ್ನು ದಾಟಿ ಕೆಳಗಿಳಿದು ಇಂಗುತ್ತದೆ. ನಾಲ್ಕನೆಯದು ಬದು ದಾಟಿ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಸೇರುತ್ತದೆ.

ಮೊದಲೆರಡು ದಾರಿ ಹಿಡಿದ ನೀರು ಆ ನದಿಕಣಿವೆಯ ಪಾಲಿಗೆ ತೀರಿಹೋಯಿತು. ಅದು ಮೋಡವಾಗಿ ಎಲ್ಲೋ ಮಳೆಯಾಗಬಹುದು, ಆದರೆ ಈ ಕಣಿವೆಯ ಲೆಕ್ಕದಲ್ಲಿ ಅದು ಖರ್ಚು. ಇಂಗಿದ ನೀರು, ಬಸಿದ ನೀರು ಹಾಗಲ್ಲ. ಅವು ಕೈಗಡ. ಕೆಳಗಿನ ಹೊಲದವನ ಬಾವಿಯಲ್ಲೋ, ಮುಂದಿನ ಅಣೆಕಟ್ಟಿನಲ್ಲೋ, ಬೇಸಿಗೆಯಲ್ಲಿ ಹಳ್ಳದ ಸಣ್ಣ ಹರಿವಾಗಿಯೋ ಮರಳಿ ಕಾಣಿಸಿಕೊಳ್ಳುತ್ತವೆ. ಈಜಿಪ್ಟಿನ ನೈಲ್ ಮುಖಜ ಭೂಮಿಯಲ್ಲಿ ಒಬ್ಬರ ಹೊಲದಿಂದ ಬಸಿದ ನೀರನ್ನು ಮತ್ತೆ ಕಾಲುವೆಗೆ ಎತ್ತಿ ಇನ್ನೊಬ್ಬರಿಗೆ ಕೊಡುವುದು ದಶಕಗಳಿಂದ ನಡೆದುಬಂದ ವ್ಯವಸ್ಥೆ. ಒಂದೊಂದು ಹೊಲವನ್ನು ಅಳೆದರೆ ಅಲ್ಲಿನ ದಕ್ಷತೆ ಕಳಪೆ ಎನ್ನಿಸುತ್ತದೆ. ಇಡೀ ಕಣಿವೆಯನ್ನು ಅಳೆದರೆ ಪೋಲಾಗುವ ನೀರು ಅಷ್ಟಿಲ್ಲ.

ಈ ಭೇದವನ್ನು 1996ರಲ್ಲಿ ಡೇವಿಡ್ ಸೆಕ್ಲರ್ ಎಂಬ ಅರ್ಥಶಾಸ್ತ್ರಜ್ಞರು ಸೊಗಸಾದ ಎರಡು ಹೆಸರುಗಳಲ್ಲಿ ಹಿಡಿದಿಟ್ಟರು: ‘ಒಣ’ ಉಳಿತಾಯ ಮತ್ತು ‘ಒದ್ದೆ’ ಉಳಿತಾಯ. ಹೇಗಿದ್ದರೂ ಮರಳಿ ಬರುತ್ತಿದ್ದ ನೀರನ್ನು ತಡೆದು ‘ಉಳಿಸಿದೆ’ ಎಂದರೆ ಅದು ಕಾಗದದ ಮೇಲಿನ ಒಣ ಉಳಿತಾಯ. ಯಾರಿಗೂ ದಕ್ಕದೆ ಹೋಗುತ್ತಿದ್ದ ನೀರನ್ನು ಉಳಿಸಿದರೆ ಮಾತ್ರ ಕೈ ಒದ್ದೆಯಾಗುತ್ತದೆ. ಕಳೆ ಗಿಡಗಳು ಕುಡಿಯುವ ನೀರು, ಬೋಳು ಮಣ್ಣಿನಿಂದ ಹಾರುವ ಆವಿ, ಸಮುದ್ರಕ್ಕೋ ಉಪ್ಪು ಸರೋವರಕ್ಕೋ ಸೇರಿ ಕೆಡುವ ನೀರು ಈ ಎರಡನೆಯ ಗುಂಪಿಗೆ ಸೇರುತ್ತವೆ.

ಒಂದು ಕೂಡುವ ಕಳೆಯುವ ಲೆಕ್ಕ

ಅಂಕಿಗಳಲ್ಲಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಿದರೆ ಅದು 10,000 ಲೀಟರ್. ಈಗ ಉದಾಹರಣೆಗೆಂದು, ಲೆಕ್ಕ ಸುಲಭವಾಗುವಂತೆ ದುಂಡು ಅಂಕಿಗಳನ್ನು ಹಿಡಿಯೋಣ. ಒಂದು ಹೆಕ್ಟೇರಿನ ಬೆಳೆಗೆ ಒಂದು ಹಂಗಾಮಿನಲ್ಲಿ ಕಾಲುವೆಯಿಂದ ಒಂದು ಕೋಟಿ ಲೀಟರ್ ಹಾಯಿಸುತ್ತಾರೆ. 50 ಲಕ್ಷ ಲೀಟರ್ ಆವಿಯಾಗಿ ಹೋಗುತ್ತದೆ, 50 ಲಕ್ಷ ಇಂಗಿ ಕೆಳಗಿಳಿಯುತ್ತದೆ. ದಕ್ಷತೆ 50 ಶೇಕಡಾ. ನೋಡಿದವರೆಲ್ಲ ‘ಅಯ್ಯೋ, ಅರ್ಧಕ್ಕರ್ಧ ಪೋಲು’ ಎನ್ನುತ್ತಾರೆ.

ಹನಿ ನೀರಾವರಿ ಬಂತು. ಈಗ ಅದೇ ಹೆಕ್ಟೇರಿಗೆ 60 ಲಕ್ಷ ಲೀಟರ್ ಸಾಕು. ಮಣ್ಣಿನ ಮೇಲ್ಮೈ ಅಷ್ಟಾಗಿ ನೆನೆಯದ ಕಾರಣ ಆವಿ 50 ಲಕ್ಷದಿಂದ 48 ಲಕ್ಷಕ್ಕೆ ಇಳಿಯಿತು. ಇಂಗುವುದು 12 ಲಕ್ಷ. ರೈತನ ಮೀಟರಿನಲ್ಲಿ 40 ಲಕ್ಷ ಲೀಟರ್ ಉಳಿದಿದೆ. ಕಣಿವೆಗೆ ನಿಜವಾಗಿ ಉಳಿದದ್ದು 2 ಲಕ್ಷ ಮಾತ್ರ.

ಕತೆ ಇಲ್ಲಿಗೇ ನಿಲ್ಲುವುದೂ ಇಲ್ಲ. ಕೈಯಲ್ಲಿ 40 ಲಕ್ಷ ಲೀಟರ್ ಇಟ್ಟುಕೊಂಡು ಯಾವ ರೈತ ತಾನೇ ಸುಮ್ಮನೆ ಕೂರುತ್ತಾನೆ? ಪಕ್ಕದಲ್ಲಿ ಬೀಳು ಬಿದ್ದ ಭೂಮಿಯಿದೆ. ಅಲ್ಲಿಗೂ ಕೊಳವೆ ಎಳೆಯುತ್ತಾನೆ. ಇನ್ನೂ ಮೂರನೆಯ ಎರಡು ಹೆಕ್ಟೇರು ಹಸಿರಾಗುತ್ತದೆ. ಈಗ ಒಟ್ಟು ಆವಿ 80 ಲಕ್ಷ ಲೀಟರ್. ಕೆಳಗಿನವರಿಗೆ ಇಂಗಿ ಸಿಗುತ್ತಿದ್ದುದು 50 ಲಕ್ಷದಿಂದ 20 ಲಕ್ಷಕ್ಕೆ ಬಂತು. ಕಾಲುವೆಯಿಂದ ಪಡೆದ ನೀರು ಮೊದಲಿನಷ್ಟೇ, ದಕ್ಷತೆ 80 ಶೇಕಡಾ, ಪ್ರಶಸ್ತಿ ಪತ್ರ ಗೋಡೆಯ ಮೇಲೆ. ಕೆಳಗಿನ ಊರಿನ ಬಾವಿ ಮಾತ್ರ ಬತ್ತಿತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ನಮಗೆ ಗೊತ್ತು. ಹಳ್ಳವನ್ನು ಹನಿ ಹನಿಯಾಗಿ ಹಂಚಿದರೆ ಏನಾಗುತ್ತದೆ ಎಂಬುದಕ್ಕೆ ಗಾದೆ ಇಲ್ಲ.

ರೈತನನ್ನು ದೂರುವುದರಲ್ಲಿ ಅರ್ಥವಿಲ್ಲ. ಯಾವುದೇ ಸಂಪನ್ಮೂಲವನ್ನು ದಕ್ಷವಾಗಿ ಬಳಸುವ ಉಪಾಯ ಸಿಕ್ಕಾಗ ಅದರ ಒಟ್ಟು ಬಳಕೆ ಹೆಚ್ಚುತ್ತದೆ ಎಂದು ಕಲ್ಲಿದ್ದಲಿನ ವಿಷಯದಲ್ಲಿ ವಿಲಿಯಂ ಸ್ಟಾನ್ಲಿ ಜೆವೊನ್ಸ್ 1865ರಲ್ಲೇ ಬರೆದಿದ್ದರು. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ನೀರು ಕಡಿಮೆ ಬೇಡುವ ತುಂತುರು ಉಪಕರಣಗಳಿಗೆ ಸರ್ಕಾರ ಸಹಾಯಧನ ಕೊಟ್ಟಿತು. ಅದರ ಫಲವನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಕಂಡದ್ದು ಅಂತರ್ಜಲದ ಎತ್ತುವಳಿ ಇಳಿದದ್ದಲ್ಲ, ಏರಿದ್ದು. ಹೆಚ್ಚು ನೀರು ಕೇಳುವ ಬೆಳೆಗಳ ಕಡೆಗೆ ರೈತರು ವಾಲಿದ್ದೂ ಅದಕ್ಕೆ ಒಂದು ಕಾರಣ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಹಲವು ದೇಶಗಳ ತಜ್ಞರು ಸೇರಿ ಇದನ್ನು ‘ನೀರಾವರಿ ದಕ್ಷತೆಯ ವಿರೋಧಾಭಾಸ’ ಎಂದು ಕರೆದರು. ತಜ್ಞರಿಗೆ ಇದು ಹಳೆಯ ವಿಷಯ. ಯೋಜನೆಗಳನ್ನು ಬರೆಯುವವರ ಮೇಜಿಗೆ ಇನ್ನೂ ತಲುಪಬೇಕಾದ ವಿಷಯ.

ಹಾಗಾದರೆ ಹನಿ ನೀರಾವರಿಯೇ ಬೇಡವೇ? ನಾನು ಹಾಗೆ ಹೇಳುತ್ತಿಲ್ಲ. ಕೊಳವೆ ಬಾವಿಯ ಆಳದಿಂದ ನೀರೆತ್ತುವಲ್ಲಿ ಅದು ವಿದ್ಯುತ್ತನ್ನು ಉಳಿಸುತ್ತದೆ. ನೀರಿನ ಜೊತೆ ಗೊಬ್ಬರವನ್ನು ಬೇರಿನ ಬುಡಕ್ಕೇ ಕೊಡಬಹುದಾದ್ದರಿಂದ ನೈಟ್ರೇಟು ಇಳಿದು ಅಂತರ್ಜಲ ಕೆಡುವುದು ತಗ್ಗುತ್ತದೆ. ಇಂಗಿದ ನೀರು ಉಪ್ಪು ತುಂಬಿದ ಪದರಕ್ಕೆ ಸೇರಿ ಹಾಳಾಗುವ ಕಡೆ, ಸಮುದ್ರದ ಅಂಚಿನ ಹೊಲಗಳಲ್ಲಿ, ಅದು ಮಾಡುವ ಉಳಿತಾಯ ಅಪ್ಪಟ ಒದ್ದೆ ಉಳಿತಾಯ. ಇಳುವರಿ ಹೆಚ್ಚಿಸುವ ಯಂತ್ರವಾಗಿ ಅದು ಬಹಳ ಒಳ್ಳೆಯದು. ನದಿ ಉಳಿಸುವ ಯಂತ್ರವೆಂದು ಅದನ್ನು ಮಾರುವುದು ಸರಿಯಲ್ಲ.

ಎಲೆಯ ಬಾಯಿ

ಬೆಳೆಗೆ ಅಷ್ಟೊಂದು ನೀರು ಏಕೆ ಬೇಕು? ಒಂದು ಎಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಎಲೆಯ ಮೈತುಂಬ ತುಟಿಯಾಕಾರದ ಪುಟ್ಟ ಬಾಯಿಗಳಿವೆ. ಪತ್ರರಂಧ್ರಗಳೆಂದು ಅವನ್ನು ಕರೆಯುತ್ತಾರೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದುಕೊಳ್ಳಲು ಗಿಡ ಈ ಬಾಯಿಗಳನ್ನು ತೆರೆಯಬೇಕು. ತೆರೆದೊಡನೆ ಒಳಗಿನ ತೇವ ಹೊರಗೆ ಹಾರುತ್ತದೆ. ಬಾಯಿ ತೆರೆಯದೆ ಊಟವಿಲ್ಲ, ತೆರೆದರೆ ನೀರು ನಿಲ್ಲುವುದಿಲ್ಲ. ಇಂಗಾಲದ ಡೈಆಕ್ಸೈಡಿನ ಒಂದು ಅಣುವಿಗೆ ನೀರಿನ ನೂರಾರು ಅಣುಗಳನ್ನು ಗಿಡ ತೆರಬೇಕಾಗುತ್ತದೆ. ನೆದರ್ಲೆಂಡ್ಸಿನ ವಿಜ್ಞಾನಿ ಡೆ ವಿಟ್ 1958ರಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ: ಒಂದು ಬೆಳೆ ಕಟ್ಟಿಕೊಳ್ಳುವ ಒಟ್ಟು ಮೈತೂಕವೂ ಅದು ಎಲೆಯಿಂದ ಬಿಡುವ ಆವಿಯೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಏರುತ್ತವೆ.

ಆದ್ದರಿಂದ ‘ಅರ್ಧ ನೀರಿನಲ್ಲಿ ದುಪ್ಪಟ್ಟು ಬೆಳೆ’ ಎಂಬ ಜಾಹೀರಾತು ಕಂಡಾಗ, ಅರ್ಧವಾದದ್ದು ಯಾವ ನೀರು ಎಂದು ಕೇಳಬೇಕು. ಹಾಯಿಸಿದ ನೀರು ಅರ್ಧವಾಗಿರಬಹುದು. ಬೆಳೆ ದುಪ್ಪಟ್ಟಾಗಿದ್ದರೆ ಎಲೆಗಳು ಬಿಟ್ಟ ಆವಿಯೂ ಏರಿರಲೇಬೇಕು.

ಇಷ್ಟಾದರೂ ಸುಧಾರಣೆಗೆ ಅವಕಾಶ ಧಾರಾಳವಾಗಿದೆ, ಮತ್ತು ಅದು ಇರುವುದು ನಾವು ಸಾಮಾನ್ಯವಾಗಿ ಹುಡುಕದ ಕಡೆ. ಒಂದು ಘನ ಮೀಟರ್ ನೀರು ಆವಿಯಾದಾಗ ಎಷ್ಟು ಕಿಲೋ ಫಸಲು ಬಂತು ಎಂಬುದನ್ನು ನೀರಿನ ಉತ್ಪಾದಕತೆ ಎನ್ನುತ್ತಾರೆ. ಜಗತ್ತಿನ ನಾನಾ ಕಡೆಯ ಅಳತೆಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ ಗೋಧಿಗೆ ಅದು 0.6ರಿಂದ 1.7 ಕಿಲೋ, ಭತ್ತಕ್ಕೆ 0.6ರಿಂದ 1.6 ಕಿಲೋ, ಮೆಕ್ಕೆಜೋಳಕ್ಕೆ 1.1ರಿಂದ 2.7 ಕಿಲೋ. ಅದೇ ಬೆಳೆ, ಅಷ್ಟೇ ನೀರು, ಫಸಲಿನಲ್ಲಿ ಮಾತ್ರ ಸುಮಾರು ಎರಡೂವರೆ ಪಟ್ಟಿನ ಅಂತರ.

ಈ ಅಂತರಕ್ಕೆ ಕಾರಣ ಕೊಳವೆಯೋ ಕಾಲುವೆಯೋ ಆಗಿರುವುದು ಅಪರೂಪ. ಸಾರಜನಕವಿಲ್ಲದೆ ಸೊರಗಿದ ಪೈರು, ಕೀಟ ತಿಂದ ತೆನೆ, ತಡವಾಗಿ ಬಿತ್ತಿ ಕಾಳು ಕಟ್ಟುವ ಹೊತ್ತಿಗೆ ಸುಡುಬಿಸಿಲಿಗೆ ಸಿಕ್ಕ ಗದ್ದೆ, ವಿರಳವಾಗಿ ಮೊಳೆತು ಸಾಲುಗಳ ನಡುವೆ ಬರಿ ನೆಲ ಕಾಣುವ ಹೊಲ ಇವೇ ಕಾರಣಗಳು. ಎಲೆಗಳು ಕೂಡಿಕೊಂಡು ನೆಲಕ್ಕೆ ನೆರಳಾದರೆ ಮಣ್ಣಿನಿಂದ ಹಾರಿಹೋಗುತ್ತಿದ್ದ ಆವಿ ಎಲೆಯ ಮೂಲಕ ಹೋಗುತ್ತದೆ. ಹೋಗುವ ನೀರು ಹೇಗೂ ಹೋಗುತ್ತದೆ, ಹೋಗುವಾಗ ಒಂದಿಷ್ಟು ಕಾಳು ಕೊಟ್ಟು ಹೋಗುತ್ತದೆ. ನೀರು ಬಹಳ ಪೋಲಾಗುವ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಸೋರುವ ತೂಬನ್ನು ತೋರಿಸುವುದಿಲ್ಲ, ಸೋತ ಬೆಳೆಯನ್ನು ತೋರಿಸುತ್ತೇನೆ. ಹಂಗಾಮು ಪೂರ್ತಿ ನೀರು ಕುಡಿದು ಕಾಲು ಪಾಲು ಫಸಲನ್ನೂ ಕೊಡದ ಹೊಲವನ್ನು ಯಾವ ದಕ್ಷತೆಯ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಾವಾಗ, ಎಷ್ಟು

ಮಣ್ಣನ್ನು ಒಂದು ಪಾತ್ರೆಯೆಂದುಕೊಳ್ಳಿ. ಗೋಡು ಮಣ್ಣು ಒಂದು ಮೀಟರ್ ಆಳದಲ್ಲಿ ಗಿಡಕ್ಕೆ ಸಿಗುವಂತೆ ಸುಮಾರು 150 ಮಿಲಿಮೀಟರ್ ನೀರನ್ನು ಹಿಡಿದಿಡಬಲ್ಲದು. ಮರಳು ಮಣ್ಣು ಅದರ ಅರ್ಧದಷ್ಟನ್ನೂ ಹಿಡಿಯದಿರಬಹುದು. ಬಿರುಬಿಸಿಲಿನ ದಿನ ತುಂಬು ಬೆಳೆ ಆರು ಮಿಲಿಮೀಟರ್ ಕುಡಿಯುತ್ತದೆ ಎನ್ನಿ. ಪಾತ್ರೆ ಅರ್ಧ ಖಾಲಿಯಾಗುವವರೆಗೆ ಹೆಚ್ಚಿನ ಬೆಳೆಗಳಿಗೆ ಬಾಧೆಯಿಲ್ಲ. 150ರಲ್ಲಿ ಅರ್ಧ 75. ಅದನ್ನು ಆರರಿಂದ ಭಾಗಿಸಿದರೆ ಸುಮಾರು ಹನ್ನೆರಡು ದಿನ. ಗೋಡು ಮಣ್ಣಿಗೆ ಹನ್ನೆರಡು ದಿನಕ್ಕೊಮ್ಮೆ, ಮರಳು ಮಣ್ಣಿಗೆ ಐದಾರು ದಿನಕ್ಕೊಮ್ಮೆ. ಇಷ್ಟೇ ವಿಜ್ಞಾನ. ದಿನಕ್ಕೆ ಎಷ್ಟು ಮಿಲಿಮೀಟರ್ ಎಂಬುದನ್ನು ಬಿಸಿಲು, ಗಾಳಿ, ತೇವ, ಉಷ್ಣತೆಗಳಿಂದ ಲೆಕ್ಕ ಹಾಕುವ ಪೆನ್ಮನ್–ಮಾಂಟೀತ್ ಸೂತ್ರವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಜಗತ್ತಿಗೆಲ್ಲ ಒಂದೇ ಅಳತೆಗೋಲಾಗಿ ಮುಂದಿಟ್ಟಿತು. ಈಗ ಮೊಬೈಲಿನಲ್ಲೇ ಆ ಅಂಕಿ ಸಿಗುವ ಕಡೆಗಳಿವೆ. ಸಿಗದ ಕಡೆ ಹಾರೆ ಸಾಕು: ಬೇರಿನ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಅದುಮಿದಾಗ ಉಂಡೆ ಕಟ್ಟಿ, ಬೆರಳ ಗುರುತು ನಿಂತರೆ ಇನ್ನೂ ಹದವಿದೆ, ಪುಡಿಪುಡಿಯಾಗಿ ಉದುರಿದರೆ ನೀರಿನ ಹೊತ್ತು ಮೀರುತ್ತಿದೆ.

ನೀರು ಸಾಲದಿದ್ದಾಗ ಎಲ್ಲ ಹಂತಗಳಲ್ಲೂ ಸಮನಾಗಿ ಕಡಿತ ಮಾಡುವುದು ನ್ಯಾಯದಂತೆ ಕಾಣುತ್ತದೆ, ಬೆಳೆಗೆ ಅದು ಅನ್ಯಾಯ. ಮೆಕ್ಕೆಜೋಳಕ್ಕೆ ಸೂಲಂಗಿ ಬಂದು ತೆನೆಯ ರೇಷ್ಮೆ ಮೂಡುವ ಆ ಎರಡು ವಾರಗಳಲ್ಲಿ ಬಾಯಾರಿಕೆಯಾದರೆ ಕಾಳೇ ಕಟ್ಟುವುದಿಲ್ಲ. ಆಮೇಲೆ ಎಷ್ಟು ನೀರು ಹರಿಸಿದರೂ ಬಂದಷ್ಟೇ. ಎಳೆಯ ಹಂತದಲ್ಲೋ ಕಾಳು ಬಲಿತ ಮೇಲೋ ಒಂದು ನೀರು ತಪ್ಪಿದರೆ ನಷ್ಟ ಅಷ್ಟಿಲ್ಲ. ದ್ರಾಕ್ಷಿಯಲ್ಲಂತೂ ಕೆಲವು ಹಂತಗಳಲ್ಲಿ ಬೇಕೆಂದೇ ಬಾಯಾರಿಸಿ, ಎಲೆಯ ಸೊಕ್ಕು ತಗ್ಗಿಸಿ, ಹಣ್ಣಿನ ಗುಣ ಹೆಚ್ಚಿಸಿಕೊಳ್ಳುವ ಪದ್ಧತಿ ಆಸ್ಟ್ರೇಲಿಯಾದ ತೋಟಗಳಲ್ಲಿ ಬೇರೂರಿದೆ.

ಭತ್ತದ ಗದ್ದೆಯಲ್ಲಿ ಇದೇ ಮಾತನ್ನು ಒಂದು ಮೊಳಕ್ಕೂ ಕಡಿಮೆ ಉದ್ದದ ಕೊಳವೆ ಹೇಳುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಈ ಉಪಾಯಕ್ಕೆ ಬೇಕಾದದ್ದು 30 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ಅಥವಾ ಬಿದಿರಿನ ತುಂಡು. ಕೆಳಭಾಗಕ್ಕೆ ಸುತ್ತಲೂ ತೂತು ಕೊರೆದು, ಗದ್ದೆಯಲ್ಲಿ ಹೂತು, ಒಳಗಿನ ಕೆಸರನ್ನು ಬಗೆದು ತೆಗೆಯುತ್ತಾರೆ. ಮೇಲಿನ ನೀರು ಆರಿ ನೆಲ ಕಂಡರೂ ಹೆದರಬೇಕಿಲ್ಲ. ಬಗ್ಗಿ ಕೊಳವೆಯೊಳಗೆ ನೋಡಿದರೆ ನೀರು ನೆಲಮಟ್ಟದಿಂದ ಹತ್ತು ಸೆಂಟಿಮೀಟರ್ ಕೆಳಗಿದೆ, ಬೇರು ಇನ್ನೂ ಅದರಲ್ಲೇ ಇದೆ. ಹದಿನೈದಕ್ಕೆ ಇಳಿದಾಗ ಮತ್ತೆ ನೀರು ಕಟ್ಟಿದರಾಯಿತು. ಹೂವಿನ ಹೊತ್ತಿನಲ್ಲಿ ಮಾತ್ರ ಆರಗೊಡಬಾರದು. ಇಳುವರಿ ತಗ್ಗದೆ ಹಾಯಿಸುವ ನೀರು 30 ಶೇಕಡಾದವರೆಗೂ ಇಳಿಯುತ್ತದೆ. ಗದ್ದೆ ಆಗಾಗ ಉಸಿರಾಡುವುದರಿಂದ ಕೆಸರಿನಲ್ಲಿ ಹುಟ್ಟುವ ಮೀಥೇನ್ ಅನಿಲವೂ ಗಣನೀಯವಾಗಿ ಕುಗ್ಗುತ್ತದೆ. ಇಲ್ಲಿ ಉಳಿಯುವ ನೀರಿನಲ್ಲಿ ಹೆಚ್ಚಿನದು ಇಂಗುತ್ತಿದ್ದ ನೀರೇ. ಆದ್ದರಿಂದ ಅದು ಒಣ ಉಳಿತಾಯವೋ ಒದ್ದೆಯದೋ ಎಂಬ ಪ್ರಶ್ನೆಯನ್ನು ಇಲ್ಲೂ ಕೇಳಲೇಬೇಕು. ಮೀಥೇನಿನ ಲಾಭಕ್ಕೆ ಆ ಅನುಮಾನವಿಲ್ಲ.

ಉಪ್ಪಿನ ಸಾಲ

ನೀರು ಆವಿಯಾಗುತ್ತದೆ, ಅದು ಹೊತ್ತು ತಂದ ಉಪ್ಪು ಆವಿಯಾಗುವುದಿಲ್ಲ. ಕುಡಿಯಲು ಸಿಹಿ ಎನ್ನಿಸುವ ನೀರಿನಲ್ಲೂ ಲೀಟರಿಗೆ ಅರ್ಧ ಗ್ರಾಂ ಲವಣ ಇರಬಹುದು. ಹಂಗಾಮಿಗೆ 50 ಲಕ್ಷ ಲೀಟರ್ ಹಾಯಿಸಿದರೆ ಒಂದು ಹೆಕ್ಟೇರಿಗೆ ಎರಡೂವರೆ ಟನ್ ಉಪ್ಪು ಬಂದು ಬಿತ್ತು. ವರ್ಷ ವರ್ಷವೂ. ಮಳೆಯೋ ಹೆಚ್ಚುವರಿ ನೀರೋ ಅದನ್ನು ಬೇರಿನಿಂದ ಕೆಳಗೆ ತೊಳೆಯದಿದ್ದರೆ ಕೆಲವೇ ವರ್ಷಗಳಲ್ಲಿ ನೆಲದ ಮೇಲೆ ಬಿಳಿ ಪೊರೆ ಮೂಡುತ್ತದೆ.

ನಾವು ಪೋಲು ಎಂದುಕೊಂಡ ನೀರಿನಲ್ಲಿ ಒಂದು ಪಾಲು ಹೀಗೆ ಮಣ್ಣನ್ನು ತೊಳೆಯುವ ಕೂಲಿ. ಬಿಗಿಯಾಗಿ ಅಳೆದು, ಒಂದು ಹನಿಯೂ ಕೆಳಗಿಳಿಯದಂತೆ ನೀರು ಕೊಟ್ಟರೆ ಉಪ್ಪು ಬೇರಿನ ಸುತ್ತಲೇ ಕೂರುತ್ತದೆ. ವಿಪರೀತ ಹರಿಸಿದರೆ ಇನ್ನೊಂದು ಕೇಡು: ಬಸಿದು ಹೋಗಲು ದಾರಿಯಿಲ್ಲದ ಕಡೆ ಅಂತರ್ಜಲ ಮೇಲೇರಿ ಬೇರನ್ನು ಮುಟ್ಟುತ್ತದೆ, ನೆಲ ಜವುಳಾಗುತ್ತದೆ, ಅಲ್ಲಿಂದ ನೀರು ಬತ್ತಿಯಂತೆ ಮೇಲಕ್ಕೆ ಹೀರಿಕೊಂಡು ಆವಿಯಾಗಿ, ಉಪ್ಪನ್ನು ಬಿಟ್ಟು, ನೆಲ ಸವುಳಾಗುತ್ತದೆ. ಸವುಳು ಜವುಳು ಎಂದು ನಾವು ಜೋಡಿ ಪದವಾಗಿ ಆಡುವುದು ಸುಮ್ಮನೆ ಅಲ್ಲ. ಪ್ರಾಚೀನ ಮೆಸೊಪೊಟೇಮಿಯಾದ ದಕ್ಷಿಣ ಭಾಗದಲ್ಲಿ ಗೋಧಿ ಹಿಂದೆ ಸರಿದು, ಉಪ್ಪನ್ನು ಹೆಚ್ಚು ತಾಳುವ ಬಾರ್ಲಿ ಆವರಿಸಿಕೊಂಡದ್ದರ ಹಿಂದೆ ಈ ಜೋಡಿಯ ಕೈವಾಡವಿದೆ ಎಂಬುದು ಬಹುಕಾಲದಿಂದ ಚರ್ಚೆಯಲ್ಲಿರುವ ವಾದ. ಕಾಲುವೆ ತೋಡಲು ಸಿಗುವ ಹಣ ಬಸಿಗಾಲುವೆಗೆ ಸಿಗುವುದಿಲ್ಲ. ಬಸಿಗಾಲುವೆಯ ಉದ್ಘಾಟನೆಗೆ ಯಾರೂ ಬಾಗಿನ ತರುವುದಿಲ್ಲ.

ಬಸಿದ ನೀರು ಎಲ್ಲಿಯಾದರೂ ಸೇರಲೇಬೇಕಲ್ಲ. ಇಂಪೀರಿಯಲ್ ಕಣಿವೆಯದು ಸಾಲ್ಟನ್ ಸರೋವರಕ್ಕೆ ಸೇರುತ್ತದೆ. 1905ರಲ್ಲಿ ಕೊಲರಾಡೊ ನದಿ ಕಾಲುವೆಯನ್ನು ಒಡೆದುಕೊಂಡು ತಗ್ಗಿಗೆ ನುಗ್ಗಿದಾಗ ಹುಟ್ಟಿದ ಈ ಸರೋವರ ಆಮೇಲೆ ಬದುಕಿದ್ದು ಹೊಲಗಳ ಬಸಿನೀರಿನಿಂದಲೇ. ಹೊಲಗಳಲ್ಲಿ ನೀರು ಉಳಿಸಿ ನಗರಗಳಿಗೆ ಕಳುಹಿಸತೊಡಗಿದಂತೆ ಸರೋವರ ಕುಗ್ಗಿ, ಬಯಲಾದ ತಳದಿಂದ ದೂಳು ಏಳತೊಡಗಿತು. ಇನ್ನೊಂದು ತುದಿಯಲ್ಲಿ ಅರಲ್ ಸಮುದ್ರವಿದೆ: 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ಹರಡಿದ್ದ, ಜಗತ್ತಿನ ನಾಲ್ಕನೆಯ ದೊಡ್ಡ ಸರೋವರ. ಆಮು ದರಿಯಾ, ಸಿರ್ ದರಿಯಾ ನದಿಗಳನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದ ಮೇಲೆ ಅದು ತುಂಡುತುಂಡಾಗಿ, ಬಹುಭಾಗ ಉಪ್ಪಿನ ಬಯಲಾಯಿತು. ಅಲ್ಲಿನ ಮಣ್ಣಿನ ಕಾಲುವೆಗಳು ಸೋರುತ್ತಿದ್ದವು ನಿಜ. ಆದರೆ ಸಮುದ್ರವನ್ನು ಬತ್ತಿಸಿದ್ದರಲ್ಲಿ ದೊಡ್ಡ ಪಾಲು, ಮರುಭೂಮಿಯಲ್ಲಿ ಹಸಿರಾಗಿ ನಿಂತು ಆವಿ ಬಿಟ್ಟ ಲಕ್ಷಾಂತರ ಹೆಕ್ಟೇರ್ ಬೆಳೆಯದು.

ಗುರುವಾರದ ಪಂಚಾಯಿತಿ

ಕಾಲುವೆಯ ಮೇಲ್ಭಾಗದ ರೈತ ಅಗತ್ಯಕ್ಕಿಂತ ಹೆಚ್ಚು ನೀರು ಹರಿಸುತ್ತಾನೆ, ಕೊನೆಭಾಗದವನಿಗೆ ನೀರು ಮುಟ್ಟುವುದಿಲ್ಲ. ಇದನ್ನು ದುರಾಸೆ ಎಂದು ಬಗೆಹರಿಸಿಬಿಡುವುದು ಸುಲಭ. ಹತ್ತಿರದಿಂದ ನೋಡಿದರೆ ಅದರಲ್ಲಿ ಭಯದ ಪಾಲು ಹೆಚ್ಚು. ಮುಂದಿನ ಸರದಿ ಎಂದು ಬರುತ್ತದೋ, ಬಂದರೂ ಹಗಲೋ ರಾತ್ರಿಯೋ ಎಂದು ತಿಳಿಯದವನು ಸಿಕ್ಕಾಗ ತುಂಬಿಸಿಕೊಳ್ಳುತ್ತಾನೆ. ಹತ್ತನೆಯ ದಿನ ಬೆಳಿಗ್ಗೆ ತೂಬು ತೆರೆಯುವುದು ಖಚಿತವಾಗಿದ್ದರೆ ಅವನಿಗೆ ಅಷ್ಟು ನೀರು ಬೇಕಿಲ್ಲ. ನಂಬಿಕೆಗೆ ಅರ್ಹವಾದ ಸರದಿ ಎಷ್ಟೋ ಕಾಂಕ್ರೀಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸಿಂಧೂ ಕಣಿವೆಯ ವಾರಾಬಂದಿ ಪದ್ಧತಿಯಲ್ಲಿ ಪ್ರತಿ ರೈತನಿಗೂ ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಹೊತ್ತು ನೀರು ಎಂಬುದು ಅವನ ಭೂಮಿಯ ಅಳತೆಗೆ ತಕ್ಕಂತೆ ಗೊತ್ತಾಗಿರುತ್ತದೆ. ಬೆಳೆಗೆ ಇಂದು ನೀರು ಬೇಕೋ ಬೇಡವೋ ಎಂಬುದನ್ನು ಅದು ಕೇಳುವುದಿಲ್ಲ, ಅದು ಅದರ ದೋಷ. ಆದರೂ ಗಡಿಯಾರ ಹಿಡಿದು ಹಂಚಿದ ನೀರಿಗೆ ಜಗಳ ಕಡಿಮೆ.

ಜಗಳವಾದರೆ? ಸ್ಪೇನಿನ ವಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ, ಕೆಥೆಡ್ರಲ್ಲಿನ ಬಾಗಿಲ ಮುಂದೆ, ಕಪ್ಪು ನಿಲುವಂಗಿ ತೊಟ್ಟ ಎಂಟು ಮಂದಿ ವೃತ್ತಾಕಾರದಲ್ಲಿ ಕೂರುತ್ತಾರೆ. ಎಂಟು ಕಾಲುವೆಗಳಿಗೆ ಒಬ್ಬೊಬ್ಬರಂತೆ ರೈತರೇ ಆರಿಸಿದ ಪ್ರತಿನಿಧಿಗಳು ಅವರು. ಕಾಲುವೆಗಳ ಹೆಸರನ್ನು ಒಂದೊಂದಾಗಿ ಕೂಗಿ ದೂರಿದೆಯೇ ಎಂದು ಕೇಳುತ್ತಾರೆ. ದೂರಿದ್ದರೆ ಎರಡೂ ಕಡೆಯವರು ನಿಂತು ಬಾಯಿಮಾತಿನಲ್ಲಿ ಹೇಳಿಕೊಳ್ಳುತ್ತಾರೆ, ವಕೀಲರಿಲ್ಲ, ಕಡತವಿಲ್ಲ, ತೀರ್ಪು ಅಲ್ಲೇ. ಶತಮಾನಗಳಿಂದ ನಡೆದುಬಂದ ಈ ಪಂಚಾಯಿತಿಯನ್ನು 2009ರಲ್ಲಿ ಯುನೆಸ್ಕೋ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಎಷ್ಟೋ ಗುರುವಾರಗಳಂದು ಒಂದು ದೂರೂ ಇರುವುದಿಲ್ಲ, ನಿಮಿಷಗಳಲ್ಲಿ ಎದ್ದುಬಿಡುತ್ತಾರೆ.

ಮೊದಲು ಮಿತಿ, ಆಮೇಲೆ ಯಂತ್ರ

ಅಂತರ್ಜಲಕ್ಕೆ ತೂಬಿಲ್ಲ, ನೀರುಗಂಟಿಯಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ ತೆಗೆದ ಒಂದು ಹೆಸರಾಂತ ಚಿತ್ರವಿದೆ. ಭೂವಿಜ್ಞಾನಿ ಜೋಸೆಫ್ ಪೋಲೆಂಡ್ ಒಂದು ಕಂಬದ ಪಕ್ಕ ನಿಂತಿದ್ದಾರೆ. ಕಂಬದ ತುತ್ತತುದಿಯಲ್ಲಿ 1925 ಎಂಬ ಫಲಕ, ನಡುವೆ 1955, ಅವರ ಕಾಲ ಬಳಿ 1977. ಆಯಾ ವರ್ಷದಲ್ಲಿ ನೆಲ ಇದ್ದ ಎತ್ತರ ಅದು. ನೀರೆತ್ತಿದಂತೆಲ್ಲ ಆಳದ ಜೇಡಿ ಪದರಗಳು ಕುಸಿದು, ನೆಲ ಸುಮಾರು ಒಂಬತ್ತು ಮೀಟರ್ ಕೆಳಗಿಳಿದಿತ್ತು. ಅಮುಕಿಹೋದ ಜೇಡಿಯಲ್ಲಿ ಮತ್ತೆ ಮೊದಲಿನಷ್ಟು ನೀರು ತುಂಬುವುದಿಲ್ಲ. ಕ್ಯಾಲಿಫೋರ್ನಿಯಾ ಅಂತರ್ಜಲಕ್ಕೆ ಮಿತಿ ಹಾಕುವ ಕಾನೂನು ತಂದದ್ದು 2014ರಲ್ಲಿ.

ಮಿತಿ ಎಂಬುದೇ ಇಡೀ ಒಗಟಿನ ಬೀಗದ ಕೈ. ಆಸ್ಟ್ರೇಲಿಯಾದ ಮರ್ರೆ–ಡಾರ್ಲಿಂಗ್ ಕಣಿವೆಯಲ್ಲಿ ನದಿಯಿಂದ ಎತ್ತಬಹುದಾದ ನೀರಿಗೆ 1995ರಲ್ಲಿ ಮಿತಿ ಹಾಕಿದರು. 2007ರ ಕಾನೂನು, 2012ರ ಕಣಿವೆ ಯೋಜನೆ ಅದನ್ನು ಇನ್ನಷ್ಟು ಬಿಗಿಗೊಳಿಸಿದವು. ಅಲ್ಲೂ ಹಳೆಯ ತಪ್ಪು ಮರುಕಳಿಸದೆ ಇಲ್ಲ: ಸಹಾಯಧನದಲ್ಲಿ ದಕ್ಷತೆ ಹೆಚ್ಚಿಸಿ ನದಿಗೆ ಮರಳಿಸಿದೆವು ಎಂದ ನೀರಿನಲ್ಲಿ, ಮೊದಲೇ ಬಸಿದು ನದಿ ಸೇರುತ್ತಿದ್ದುದು ಎಷ್ಟು ಎಂಬ ಬಗ್ಗೆ ಇಂದಿಗೂ ವಾದ ನಡೆಯುತ್ತಿದೆ. ಮಿತಿಯನ್ನು ಎತ್ತುವ ನೀರಿನ ಮೇಲೆ ಹಾಕಿದರೆ ಸಾಲದು, ಆವಿಯ ಮೇಲೆ ಹಾಕಬೇಕು ಎನ್ನುವುದು ಇದಕ್ಕಾಗಿಯೇ.

ಆವಿಯನ್ನು ಅಳೆಯುವುದು ಹೇಗೆ? ಬೆವರು ಆರುವಾಗ ಮೈ ತಣ್ಣಗಾಗುವ ಹಾಗೆ, ಆವಿ ಬಿಡುವ ಹೊಲ ಪಕ್ಕದ ಒಣ ಹೊಲಕ್ಕಿಂತ ತಂಪಾಗಿರುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ಆ ಶಾಖವನ್ನು ಆಕಾಶದಿಂದಲೇ ಓದುತ್ತವೆ. ಆಹಾರ ಮತ್ತು ಕೃಷಿ ಸಂಸ್ಥೆಯ ವಾಪೋರ್, ಅಮೆರಿಕದಲ್ಲಿ 2021ರಲ್ಲಿ ಶುರುವಾದ ಓಪನ್ ಇಟಿ ಇಂಥ ಅಂಕಿಗಳನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿವೆ. ಯಾರ ಹೊಲ ಎಷ್ಟು ಕುಡಿಯಿತು ಎಂಬುದನ್ನು ಬೇಲಿಯಾಚೆ ನಿಂತವನೂ ತಿಳಿಯಬಹುದಾದ ಕಾಲ ಇದು. ಮಿತಿ ಗಟ್ಟಿಯಾಗಿದ್ದರೆ ಹನಿ ನೀರಾವರಿ, ಹೊಸ ತಳಿ, ಸರಿಯಾದ ಬಿತ್ತನೆ ಎಲ್ಲವೂ ಅದರೊಳಗೆ ಹೆಚ್ಚು ಫಸಲು ತೆಗೆಯುವ ದಾರಿಗಳಾಗುತ್ತವೆ. ಮಿತಿಯಿಲ್ಲದಿದ್ದರೆ ಅವೇ ಇನ್ನಷ್ಟು ನೆಲಕ್ಕೆ ನೀರು ಹಬ್ಬಿಸುವ ದಾರಿಗಳು.

ಕೊಲರಾಡೊ ನದಿಗೇ ಬಂದರೆ, ಅದರ ನೀರೆಲ್ಲ ಹೊಲಗಳಿಗೂ ನಗರಗಳಿಗೂ ಹಂಚಿಹೋಗಿ, ದಶಕಗಳಿಂದ ಅದು ಸಮುದ್ರ ಮುಟ್ಟುವುದೇ ಅಪರೂಪವಾಗಿತ್ತು. 2012ರಲ್ಲಿ ಅಮೆರಿಕ, ಮೆಕ್ಸಿಕೋ ಎರಡೂ ದೇಶಗಳು ಕೂತು ನದಿಯ ಹೆಸರಿಗೇ ಒಂದು ಪಾಲು ಬರೆದವು. 2014ರ ಮಾರ್ಚ್ 23ರಂದು ಗಡಿಯ ಮೊರೆಲೋಸ್ ಅಣೆಕಟ್ಟಿನ ಬಾಗಿಲು ತೆರೆಯಿತು. ಎಂಟು ವಾರಗಳಲ್ಲಿ ಸುಮಾರು 13 ಕೋಟಿ ಘನ ಮೀಟರ್ ನೀರು ಒಣ ಪಾತ್ರದಲ್ಲಿ ಇಳಿದು ಹೋಯಿತು. ಸ್ಯಾನ್ ಲೂಯಿಸ್ ರಿಯೋ ಕೊಲರಾಡೊ ಪಟ್ಟಣದ ಜನ, ನೀರಿಲ್ಲದ ನದಿಯ ಮೇಲಿನ ಸೇತುವೆಯನ್ನು ಮಾತ್ರ ಕಂಡಿದ್ದ ಮಕ್ಕಳನ್ನು ಕರೆದುಕೊಂಡು, ಮರಳಿಗಿಳಿದು ಅದನ್ನು ಎದುರುಗೊಂಡರು. ಮೇ ತಿಂಗಳ ನಡುವೆ ಅದರ ತೆಳು ತುದಿಯೊಂದು ಸಮುದ್ರವನ್ನು ಮುಟ್ಟಿತು. ಬಿಟ್ಟ ನೀರಿನಲ್ಲಿ ಬಹುಪಾಲು ಅಷ್ಟು ದೂರ ಹೋಗಲೇ ಇಲ್ಲ. ದಾರಿಯಲ್ಲೇ ಮರಳಿಗೆ ಇಂಗಿತು. ಆ ಬೇಸಿಗೆಯಲ್ಲಿ ಪಾತ್ರದ ಉದ್ದಕ್ಕೂ ಅಂತರ್ಜಲ ಏರಿತ್ತು, ಎರಡೂ ದಡಗಳಲ್ಲಿ ವಿಲ್ಲೋ ಗಿಡಗಳು ಚಿಗುರಿದ್ದವು.